ವೈಫೈ ಬಂತು, ಪಾಸ್‌ವರ್ಡ್ ಬದಲಾಯ್ತಾ?

ಉಡುಪಿಯ ಅಕ್ಕನ ಮನೆಗೆ ಮೊನ್ನೆ ಫೈಬರ್ ಇಂಟರ್ನೆಟ್ ಬಂತು. ಕನೆಕ್ಷನ್ ಕೊಡಲು ಬಂದ ಹುಡುಗ ವೈಫೈ ಪಾಸ್‌ವರ್ಡ್‌ಗೆ ಭಾವನ ಮೊಬೈಲ್ ನಂಬರನ್ನೇ ಹಾಕಿ ಹೋಗಿದ್ದ. ಆ ನಂಬರು ಭಾವನ ಅಂಗಡಿ ಬೋರ್ಡಿನಲ್ಲೇ ದೊಡ್ಡದಾಗಿ ಇದೆ!

ಹೊಸ ರೂಟರ್, ಅಂದರೆ ವೈಫೈ ಕೊಡುವ ಪೆಟ್ಟಿಗೆ, ಬಂದರೆ ಮೊದಲು ಅದರ ತಳ ನೋಡಿ. ಅಂಟಿಸಿದ ಚೀಟಿಯಲ್ಲಿ 192.168.1.1 ಥರದ ವಿಳಾಸ ಇರುತ್ತದೆ, ಬ್ರೌಸರಿನಲ್ಲಿ ಹಾಕಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಅದರ ಲಾಗಿನ್ ಬೇರೆ, ವೈಫೈ ಪಾಸ್‌ವರ್ಡ್ ಬೇರೆ. ಎರಡನ್ನೂ ಬದಲಿಸಬೇಕು. ಸೆಕ್ಯೂರಿಟಿಯಲ್ಲಿ ಡಬ್ಲ್ಯುಪಿಎ3 (ವೈಫೈಗೆ ಬೀಗ ಹಾಕುವ ಹೊಸ ವಿಧಾನ) ಇದ್ದರೆ ಅದೇ ಇರಲಿ, ಹಳೇ ಫೋನ್ ಹಟ ಹಿಡಿದರೆ ಅದರ ಹಿಂದಿನ ಡಬ್ಲ್ಯುಪಿಎ2 ಆದೀತು.

ಪಾಸ್‌ವರ್ಡ್ ಹಾಕದೆ, ಬಟನ್ ಒತ್ತಿ ಇಲ್ಲವೇ ಪಿನ್ ಕೊಟ್ಟು ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಮಾತ್ರ ಆಫ್ ಮಾಡಲೇಬೇಕು. ಅದರ ಪಿನ್ 8 ಅಂಕಿಯದ್ದು, ನೋಡಲು ಗಟ್ಟಿಯೇ, ಆದರೆ ರೂಟರ್ ಅದನ್ನು ಎರಡು ತುಂಡು ಮಾಡಿ ಬೇರೆ ಬೇರೆಯಾಗಿ ಪರೀಕ್ಷಿಸುತ್ತದೆ, ಕೊನೆಯ ಅಂಕಿಯಂತೂ ಉಳಿದ ಏಳರ ಲೆಕ್ಕದಿಂದಲೇ ಬರುತ್ತದೆ, ಹಾಗಾಗಿ ಹತ್ತು ಕೋಟಿ ಸಾಧ್ಯತೆ ಇರಬೇಕಾದಲ್ಲಿ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಾಕು ಅಂತ 2011ರಲ್ಲೇ ಬಯಲಾಗಿದೆ. ಒಂದು ಬಟನ್ ಒತ್ತುವ ಸುಖಕ್ಕೆ ಇಷ್ಟು ದೊಡ್ಡ ತೂತು ಯಾಕೆ ಬೇಕು ಹೇಳಿ?

ರಜೆಗೆ ಬರುವ ನೆಂಟರ ಮಕ್ಕಳಿಗೆ ಗೆಸ್ಟ್ ನೆಟ್‌ವರ್ಕ್, ಅಂದರೆ ಮನೆಯದ್ದಕ್ಕಿಂತ ಬೇರೆ ವೈಫೈ, ಮಾಡಿಡಿ. ಫರ್ಮ್‌ವೇರ್ (ರೂಟರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆಟೋ ಇದ್ದರೆ ಆನ್ ಮಾಡಿ.

ನಮ್ಮ ಕಡೆಯ ದಪ್ಪ ಕೆಂಪುಕಲ್ಲಿನ ಗೋಡೆ ದಾಟಲು 5 ಗಿಗಾಹರ್ಟ್ಸ್ ವೈಫೈ ಒದ್ದಾಡುತ್ತದೆ. ಒಳಕೋಣೆಗೆ 2.4 ಗಿಗಾಹರ್ಟ್ಸ್ ವಾಸಿ, ಸ್ಪೀಡ್ ಸ್ವಲ್ಪ ಕಡಿಮೆ ಅಷ್ಟೇ. ಮತ್ತೆ, ಮಳೆಗಾಲದ ಮೊದಲಿನ ಗುಡುಗು ಗೊತ್ತಲ್ವಾ? ಫೈಬರ್ ಗಾಜಿನದ್ದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ರೂಟರಿನ ಅಡಾಪ್ಟರ್ ಕರೆಂಟಿನ ಲೈನಿನಲ್ಲೇ ಇದೆ. ಮೋಡ ಕವಿದಾಗಲೇ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.