ಗೋದಾಮಿನಲ್ಲಿ ಉಳಿದ 62 ಕಿಲೋ

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಕಾಸರಗೋಡಿನ ನಮ್ಮ ಬದಿಯಡ್ಕದವರಿಗೆ ಹೊಸತಲ್ಲ. ಬೆಳಗ್ಗೆ ಸುಡುಬಿಸಿಲು, ಮೂರು ಗಂಟೆಗೆ ಮೂಡು ದಿಕ್ಕು ಕಪ್ಪು, ನಾಲ್ಕಕ್ಕೆ ಸಿಡಿಲು. ಎರಡು ವರ್ಷದ ಹಿಂದೆ ಅಂಥ ಒಂದು ಸಂಜೆ ನಮ್ಮ ಅಡಿಕೆ ಅಂಗಡಿಯ ಕಂಪ್ಯೂಟರ್ ಸುಟ್ಟುಹೋಯಿತು.

ಮೊದಲ ಗುಡುಗಿಗೇ ಕಂಪ್ಯೂಟರ್ ಬಂದ್ ಮಾಡಿ ಪ್ಲಗ್ ಎಳೆದಿಟ್ಟಿದ್ದೆ. ಕಂಪ್ಯೂಟರಿನಿಂದ ಎಳೆಯದೆ ಬಿಟ್ಟದ್ದು ಮೋಡೆಮ್‌ನಿಂದ ಬರುವ ನೆಟ್ ವಯರ್ ಒಂದೇ. ಮೋಡೆಮ್‌ನ ಪ್ಲಗ್ ಗೋಡೆಯಲ್ಲೇ ಇತ್ತು, ಸ್ವಿಚ್ ಮಾತ್ರ ಆಫ್. ಲೈನಿನಲ್ಲಿ ಬಂದ ಸಿಡಿಲಿನ ಕರೆಂಟಿಗೆ ಸ್ವಿಚ್ಚಿನೊಳಗಿನ ಸಣ್ಣ ಸಂದು ದೊಡ್ಡ ಅಡ್ಡಿಯಲ್ಲ. ಅದು ಮೋಡೆಮ್ ದಾಟಿ, ಆ ತೆಳು ವಯರಿನಲ್ಲೇ ಕಂಪ್ಯೂಟರಿಗೆ ಹೊಕ್ಕಿತು. ಮಳೆ ಬಿಟ್ಟ ಮೇಲೆ ಅಂಗಡಿ ತುಂಬ ಸುಟ್ಟ ಪ್ಲಾಸ್ಟಿಕ್ ವಾಸನೆ.

ಆಗಲೂ ನನಗೆ ಅಷ್ಟು ಹೆದರಿಕೆ ಆಗಲಿಲ್ಲ. ಬ್ಯಾಕಪ್ ಇತ್ತಲ್ವಾ? ದಿನಾ ರಾತ್ರಿ ಲೆಕ್ಕದ ಸಾಫ್ಟ್‌ವೇರ್‌ನಿಂದ ಪೆನ್‌ಡ್ರೈವಿಗೆ ಕಾಪಿ ಹಾಕುತ್ತಿದ್ದೆ, ಒಂದು ದಿನವೂ ತಪ್ಪಿಸಿದ್ದಿಲ್ಲ. ಆದರೆ ಆ ಪೆನ್‌ಡ್ರೈವ್ ಕಂಪ್ಯೂಟರಿನ ಹಿಂದೆಯೇ ಚುಚ್ಚಿಕೊಂಡಿತ್ತು. ಅದೂ ಸತ್ತಿತ್ತು.

ಮರುದಿನ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹಿಡಿದುಕೊಂಡು ಮಂಗಳೂರಿಗೆ ಓಡಿದೆ. ರಿಪೇರಿಯವರು ಬಿಚ್ಚಿ ತೋರಿಸಿದರು. ಹಸಿರು ಬೋರ್ಡಿನ ಒಂದು ಮೂಲೆ ಕರಿ ಹಿಡಿದಿತ್ತು. ಅದೇ ಮಾಡೆಲಿನ ಬೇರೆ ಬೋರ್ಡ್ ಹಾಕಿದರೆ ಆಗದಾ ಅಂತ ಕೇಳಿದೆ. ಪ್ರತಿ ಡಿಸ್ಕಿಗೂ ಅದರದ್ದೇ ಮಾಹಿತಿ ಇರುವ ಒಂದು ಚಿಪ್ ಆ ಬೋರ್ಡಿನಲ್ಲಿ ಇರುತ್ತದೆ, ಅದೂ ಹೋಗಿದ್ದರೆ ಕಷ್ಟ ಅಂದರು. ದೊಡ್ಡ ಊರಿಗೆ ಕಳಿಸಬೇಕು, ಮೂರು ವಾರ, ಗ್ಯಾರಂಟಿ ಇಲ್ಲ. ಹೊಸ ಅಡಿಕೆ ಕೊಯ್ಲು ಶುರುವಾಗುವ ಹೊತ್ತು, ಅಂಗಡಿಗೆ ದಿನಾ ಜನ. ಮೂರು ವಾರ ಲೆಕ್ಕವಿಲ್ಲದೆ ಕೂರುವುದು ಹೇಗೆ? ಡಿಸ್ಕನ್ನು ಚೀಲಕ್ಕೆ ಹಾಕಿ ವಾಪಸ್ ಬಂದೆ.

ಮಾರ್ಚಿನವರೆಗಿನ ಲೆಕ್ಕ ಅಕೌಂಟೆಂಟ್ ಹತ್ತಿರ ಇತ್ತು. ಹೋದದ್ದು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಏಳು ತಿಂಗಳು.

ಸೊಸೆ, ಅಂದರೆ ನನ್ನ ಅಕ್ಕನ ಮಗಳು, ಬಿಸಿಎ ಓದಿದವಳು, ಆಗ ರಜೆಗೆ ಬಂದಿದ್ದಳು. ಅವಳೇ ಲ್ಯಾಪ್‌ಟಾಪ್ ಬಿಚ್ಚಿ ಕೂತಳು. "ಮಾವ, ನಿಮ್ಮ ಲೆಕ್ಕ ಎಲ್ಲೆಲ್ಲಿ ಉಂಟೂಂತ ಮೊದಲು ನೋಡುವ" ಅಂದಳು. ಮೊದಲು ಜಿಎಸ್‌ಟಿ ಪೋರ್ಟಲ್. ಪಾಸ್‌ವರ್ಡ್ ನೆನಪಿಲ್ಲ, ಅದು ಸುಟ್ಟ ಕಂಪ್ಯೂಟರಿನಲ್ಲೇ ಸೇವ್ ಆಗಿತ್ತು. ಬದಲಿಸಲು ಹೋದರೆ ಒಟಿಪಿ ಅಕೌಂಟೆಂಟ್ ಫೋನಿಗೆ ಹೋಗುತ್ತದೆ, ಅವರು ಮದುವೆ ಮನೆಯಲ್ಲಿ. ನಮ್ಮ ಅಂಗಡಿಯ ಬಾಗಿಲಿನ ಕೀ ಬೇರೆಯವರ ಕೈಯಲ್ಲಿತ್ತು ಅಂತ ಗೊತ್ತಾದದ್ದೇ ಆವತ್ತು. ಆ ನಂಬರನ್ನು ಆ ವಾರವೇ ನನ್ನದಕ್ಕೆ ಬದಲಿಸಿದೆ.

ಪೋರ್ಟಲ್ ತೆರೆಯಿತು. ಸೆಪ್ಟೆಂಬರಿನವರೆಗೆ ನಾವು ದೊಡ್ಡ ವ್ಯಾಪಾರಿಗಳಿಗೆ ಮಾರಿದ ಅಡಿಕೆಯ ಬಿಲ್ಲುಗಳೆಲ್ಲ ನಂಬರ್ ಸಮೇತ ಅಲ್ಲಿದ್ದವು. ಪ್ರತಿ ತಿಂಗಳು 11ರ ಒಳಗೆ ನಾವೇ ತುಂಬಿದ್ದಲ್ವಾ. ನನಗೆ ಜೀವ ಬಂದ ಹಾಗಾಯಿತು. ಆದರೆ ಅಡಿಕೆ ತಂದು ಹಾಕಿದ ಕೃಷಿಕರ ಹೆಸರು ಒಂದೂ ಅಲ್ಲಿರಲಿಲ್ಲ. ಸ್ವಂತ ಬೆಳೆ ಮಾರುವ ಕೃಷಿಕರಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹಾಗಾಗಿ ಯಾರು ಎಷ್ಟು ಹಾಕಿದರು, ಎಷ್ಟು ಮುಂಗಡ ತೆಗೆದುಕೊಂಡರು, ಯಾರ ಅಡಿಕೆಗೆ ದರ ಮಾಡುವುದು (ಬೆಲೆ ನಿಗದಿ ಮಾಡಿ ದುಡ್ಡು ಕೊಡುವುದು) ಬಾಕಿ ಇದೆ, ಇದೆಲ್ಲ ಪೋರ್ಟಲಿಗೆ ಸಂಬಂಧವೇ ಇಲ್ಲದ ವಿಷಯ. ನಮ್ಮ ಅಂಗಡಿ ನಿಂತಿರುವುದು ಮಾತ್ರ ಅದರ ಮೇಲೆಯೇ.

ಮುಂದೆ ಬ್ಯಾಂಕಿನ ಸ್ಟೇಟ್‌ಮೆಂಟ್. ಅದರಲ್ಲಿ ದುಡ್ಡು ಹೋದದ್ದು ಉಂಟು, ಆದರೆ ಹೆಸರು 'ನಾರಾಯಣ ಬಿ' ಅಂತ ಮಾತ್ರ. ನಮ್ಮ ಪುಸ್ತಕದಲ್ಲಿ ನಾರಾಯಣ ಅನ್ನುವವರು ಆರು ಜನ, ಅಬ್ದುಲ್ಲ ನಾಲ್ಕು. ನಮ್ಮಲ್ಲಿ ಗುರುತು ಸಿಗುವುದು ಮನೆ ಹೆಸರಿನಿಂದ. ಮನೆ ಹೆಸರು ಬ್ಯಾಂಕಿಗೆ ಗೊತ್ತಿಲ್ಲ. ನಗದು ಕೊಟ್ಟದ್ದಂತೂ ಎಲ್ಲಿಯೂ ಇಲ್ಲ.

ಉಳಿದದ್ದು ಒಂದೇ ದಾರಿ, ಕೃಷಿಕರ ಕೈಯಲ್ಲಿರುವ ಚೀಟಿ. ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆಯಿಂದಲೂ ಬಂದರು. ಕನ್ಯಪ್ಪಾಡಿ ಕಡೆಯ ಅಕ್ಕ ಒಬ್ಬರು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಮಡಚಿಟ್ಟಿದ್ದ ಮೂರು ಚೀಟಿ ಬಿಚ್ಚಿದರು. ಮೂರೂ ಬರೀ ಬಿಳಿ ಕಾಗದ! ಅವರಿಗೆ ಗಾಬರಿ, ನನಗೆ ನಾಚಿಕೆ.

ಹಿಂದಿನ ವರ್ಷ ಬಿಲ್ ಪುಸ್ತಕ ಬಿಟ್ಟು ಸಣ್ಣ ಥರ್ಮಲ್ ಪ್ರಿಂಟರ್ ತಂದವನು ನಾನೇ. ಅದಕ್ಕೆ ಶಾಯಿ ಬೇಡ. ಕಾಗದದ ಮೇಲೊಂದು ಲೇಪ ಇರುತ್ತದೆ, ಬಿಸಿ ತಾಗಿದಲ್ಲಿ ಅಕ್ಷರ ಕಪ್ಪಾಗಿ ಮೂಡುತ್ತದೆ. ಅದೇ ಕಾಗದ ಬಿಸಿಲು, ಸೆಖೆ, ಎಣ್ಣೆ ಕೈ, ಪ್ಲಾಸ್ಟಿಕ್ ಕವರು, ಇವುಗಳಿಂದ ನಿಧಾನಕ್ಕೆ ಮಾಸುತ್ತದೆ. ಜಾಗ್ರತೆ ಮಾಡಿ ಕವರಿನಲ್ಲಿಟ್ಟವರದ್ದೇ ಜಾಸ್ತಿ ಹಾಳಾಗಿತ್ತು. ಸುಮ್ನೆ ಡೈರಿಯ ಒಳಗೆ ಸಿಕ್ಕಿಸಿಟ್ಟವರ ಚೀಟಿ ಓದಲು ಬರುತ್ತಿತ್ತು.

ಸೊಸೆ ಬಿಡಲಿಲ್ಲ. ಬಿಳಿ ಚೀಟಿಯನ್ನು ಕಿಟಕಿಯ ಓರೆ ಬೆಳಕಿಗೆ ಹಿಡಿದು ಫೋನಿನಲ್ಲಿ ಫೋಟೋ ತೆಗೆದಳು. ಬೆಳಕು ತಗ್ಗಿಸಿ ಕಾಂಟ್ರಾಸ್ಟ್ ಏರಿಸುತ್ತಾ ಹೋದಳು. ಮಡಿಕೆಯ ಹತ್ತಿರ ಮೊದಲು ಒಂದು 4 ಬಂತು. ಆಮೇಲೆ ಬೂದಿ ಬಣ್ಣದಲ್ಲಿ 'ಪಟೋರ 18.5' ಅಂತ ಎದ್ದು ಬಂತು. ಪಟೋರ ಅಂದರೆ ಅಡಿಕೆಯ ಒಂದು ದರ್ಜೆ, 18.5 ಅಂದರೆ ಕಿಲೋ. ಆ ಅಕ್ಕ ಫೋನಿಗೆ ಮುಖ ತಾಗಿಸಿ ನೋಡಿ, "ಹೌದು, ಹದಿನೆಂಟೂವರೆ" ಅಂದರು. ಅವತ್ತಿನ ನನ್ನ ಖುಷಿ ಹೇಳಿ ಮುಗಿಯುವುದಲ್ಲ.

ಎಲ್ಲ ಚೀಟಿಯೂ ಹಾಗೆ ಬಾಯಿ ಬಿಡಲಿಲ್ಲ. ಏನೂ ಕಾಣದಲ್ಲಿ ಅವರು ಹೇಳಿದ್ದನ್ನೇ ಬರೆದುಕೊಂಡೆವು. ಒಬ್ಬರು ಹಿರಿಯರು ಚೀಟಿಯೇ ಇಲ್ಲದೆ ಬಂದು, "ನಾನು ಆಟಿ ತಿಂಗಳಲ್ಲಿ ಇಪ್ಪತ್ತೈದು ಸಾವಿರ ಮುಂಗಡ ತೆಗೆದದ್ದುಂಟು, ಬರೆದುಕೋ ಮಾರಾಯ" ಅಂದರು. ಅವರು ಹೇಳದಿದ್ದರೆ ಅದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಹನ್ನೊಂದು ದಿನ ಹಿಡಿಯಿತು. ಈಗ ನಮ್ಮ ಲೆಕ್ಕ ಮೂರು ಕಡೆ ಇರುತ್ತದೆ. ಒಂದು ಕಂಪ್ಯೂಟರಿನಲ್ಲಿ, ಒಂದು ಇಂಟರ್ನೆಟ್‌ನ ಸ್ಟೋರೇಜಿನಲ್ಲಿ, ಮತ್ತೊಂದು ಹಾರ್ಡ್ ಡಿಸ್ಕಿನಲ್ಲಿ. ಆ ಹಾರ್ಡ್ ಡಿಸ್ಕ್ ಕಾಪಿ ಮುಗಿದ ಕೂಡಲೇ ಕಳಚಿ ನನ್ನ ಜೊತೆ ಮನೆಗೆ ಬರುತ್ತದೆ. ಚುಚ್ಚಿಯೇ ಇಟ್ಟರೆ ಸಿಡಿಲಿಗೆ ಮಾತ್ರ ಅಲ್ಲ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ಸಿಗೂ ಸಿಗುತ್ತದೆ. ತಿಂಗಳಿಗೊಮ್ಮೆ ಆ ಕಾಪಿಯನ್ನು ಬೇರೆ ಲ್ಯಾಪ್‌ಟಾಪಿನಲ್ಲಿ ತೆರೆದು ನಿನ್ನೆಯ ಬಿಲ್ ಬರುತ್ತದಾ ನೋಡುತ್ತೇನೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ನಂಬುವುದಿಲ್ಲ. ಹೆಸರುಗಳೆಲ್ಲ ಮನೆ ಹೆಸರು ಸೇರಿಸಿ ಕನ್ನಡದಲ್ಲೇ ಇವೆ, ಪ್ರತಿಯೊಬ್ಬರಿಗೂ ಒಂದು ನಂಬರ್ ಉಂಟು. ಕೃಷಿಕರಿಗೆ ಕೊಡುವ ಚೀಟಿ ಮತ್ತೆ ಕಾರ್ಬನ್ ಇಟ್ಟು ಬಾಲ್‌ಪೆನ್ನಿನಲ್ಲಿ ಬರೆದದ್ದು. ಥರ್ಮಲ್ ಪ್ರಿಂಟರ್ ತೂಕದ ಟೋಕನ್‌ಗೆ ಮಾತ್ರ.

ಆ ಹನ್ನೊಂದು ದಿನದ ಕೊನೆಗೆ ಎಲ್ಲ ಲೆಕ್ಕ ಕೂಡಿಸಿ ಗೋದಾಮಿನ ಅಡಿಕೆ ತೂಗಿದೆವು. ಪುಸ್ತಕಕ್ಕಿಂತ 62 ಕಿಲೋ ಜಾಸ್ತಿ ಇತ್ತು. ಮತ್ತೆ ತೂಗಿದೆವು, ಅಷ್ಟೇ. ಯಾರೋ ಹಾಕಿ ಹೋಗಿದ್ದಾರೆ, ದರ ಮಾಡಿಲ್ಲ. ಅವರ ಚೀಟಿ ನಮಗೆ ಸಿಕ್ಕಿಲ್ಲ, ಬಹುಶಃ ಅವರ ಹತ್ತಿರವೂ ಅದು ಬಿಳಿ ಕಾಗದ. ಸೊಸೆ ಅದನ್ನು ಸಸ್ಪೆನ್ಸ್ ಖಾತೆಗೆ, ಅಂದರೆ ಯಾರದ್ದೆಂದು ಗೊತ್ತಾಗದ್ದನ್ನು ಬರೆದಿಡುವ ಖಾತೆಗೆ ಹಾಕಿದಳು. ಕನ್ನಡದಲ್ಲೂ ಮಲಯಾಳದಲ್ಲೂ ಬರೆದ ಬೋರ್ಡ್ ಅಂಗಡಿಯ ಎದುರು ಇನ್ನೂ ಇದೆ: 'ಆ ವರ್ಷ ಅಕ್ಟೋಬರ್ ಒಳಗೆ ಅಡಿಕೆ ಹಾಕಿ ದರ ಮಾಡದವರು ದಯವಿಟ್ಟು ತಿಳಿಸಿ.' ಅಡಿಕೆಯನ್ನು ಹುಳ ಹಿಡಿಯುವ ಮೊದಲು ಮಾರಿ ದುಡ್ಡು ಬೇರೆಯೇ ಇಟ್ಟಿದ್ದೇನೆ. ಇವತ್ತಿನವರೆಗೆ ಯಾರೂ ಬಂದಿಲ್ಲ.