‘ಎರಡು ವಾರ ಮೌನ’: ನಮ್ಮ ಕಿರುಚಿತ್ರದ ಕೆಲಸ ಎಲ್ಲಿಗೆ ಬಂತು

ಚಿತ್ರಕಥೆ ಮುಗಿದಿದೆ. ಮಾತುಗಳು ಅರ್ಧಕ್ಕಿಂತ ಹೆಚ್ಚು ಬರೆದಾಗಿವೆ. ಶೂಟಿಂಗಿನ ಜಾಗ ಗೊತ್ತುಮಾಡಿದ್ದೇವೆ. ಹುಡುಗನ ಅವ್ವನ ಪಾತ್ರಕ್ಕೆ ಮಾತ್ರ ಇನ್ನೂ ಯಾರೂ ಸಿಕ್ಕಿಲ್ಲ.

ಹೊಸದಾಗಿ ಓದುವವರಿಗೆ ಕಥೆಯ ಎಳೆ ಇಷ್ಟು. ಶರಣುಗೆ ಮೂವತ್ತೆಂಟು, ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ಮಹಾದೇವಿಗೆ ಮೂವತ್ತಾರು, ಬೀದರದ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಾಳೆ. ಇಬ್ಬರಿಗೂ ಸಣ್ಣಂದಿನಿಂದ ಬಾಹ್ಯಾಕಾಶದ ಕಥೆಗಳ ಹುಚ್ಚು, ಅದು ಇನ್ನೂ ಇಳಿದಿಲ್ಲ. ಆಕೆ ಮಕ್ಕಳನ್ನು ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಕರೆತಂದಾಗ ಭೇಟಿ. 1984ರಿಂದ ಇರುವ ಆ ಕೇಂದ್ರಕ್ಕೆ ಶರಣು ಶಾಲೆಯ ದಿನಗಳಿಂದಲೂ ಬರುತ್ತಿದ್ದವನು. ಹಡಗು ಸ್ಫೋಟಿಸುವ ಸದ್ದು ಬಾಹ್ಯಾಕಾಶದಲ್ಲಿ ಕೇಳುತ್ತದೋ ಇಲ್ಲವೋ ಎಂಬ ಜಗಳದಿಂದ ಪ್ರೀತಿ ಶುರುವಾಗುತ್ತದೆ.

ಇಂಥ ಪಾತ್ರಗಳನ್ನು ಸಿನಿಮಾದವರು ಸಾಮಾನ್ಯವಾಗಿ ಹೇಗೆ ತೋರಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ದಪ್ಪ ಕನ್ನಡಕ, ಹೆಣ್ಣುಮಕ್ಕಳೆದುರು ತೊದಲು, ಕೊನೆಯ ರೀಲಿನಲ್ಲಿ ಪೋಸ್ಟರು ಪುಸ್ತಕ ಎಲ್ಲ ಅಟ್ಟಕ್ಕೆ ಹಾಕಿ ‘ದೊಡ್ಡವ’ನಾಗುವುದು. ನಮ್ಮ ಚಿತ್ರದಲ್ಲಿ ಯಾರೂ ಏನನ್ನೂ ಅಟ್ಟಕ್ಕೆ ಹಾಕುವುದಿಲ್ಲ. ಇವರಿಬ್ಬರೂ ಪ್ರೀತಿಸುವುದೇ ಆ ಹುಚ್ಚಿನ ಮೂಲಕ. ಅವರು ವಿಜ್ಞಾನವನ್ನು ಪೂರಾ ಗಂಭೀರವಾಗಿ ತಗೊಂಡಷ್ಟೂ ನಗು ತಾನೇ ಬರುತ್ತದೆ. ಬರೆಯುತ್ತ ಬರೆಯುತ್ತ ಈ ನಂಬಿಕೆ ಗಟ್ಟಿಯಾಗಿದೆ.

ಉದಾಹರಣೆಗೆ ಕುಂಡಲಿಯ ದೃಶ್ಯ. ಮಹಾದೇವಿಗೆ ಮಂಗಳ ದೋಷ ಅದ ಎಂದು ಹಿರಿಯರು ಮಾತು ತೆಗೆಯುತ್ತಾರೆ. ಹುಡುಗಿ ಶಾಂತವಾಗಿ ಹೇಳುತ್ತಾಳೆ: “ನಮ್ಮ ಮಂಗಳಯಾನ 2014ರಾಗೇ ಅಲ್ಲಿ ಹೋಗಿ ಮುಟ್ಟ್ಯದರಿ. ದೋಷ ಏನಾರ ಇದ್ದಿದ್ರ ಫೋಟೋದಾಗ ಬರ್ತಿದ್ದಿಲ್ಲೇನ್ರೀ?” ಎಲ್ಲರೂ ಶರಣು ಕಡೆ ನೋಡುತ್ತಾರೆ. ಅವನು ಬಾಯಿ ಬಿಡುವುದಿಲ್ಲ. ಆ ಸುಮ್ಮನಿರುವಿಕೆಯೇ ಕಥೆಯ ತಿರುವು.

ಇಲ್ಲಿಂದ ಮುಂದಿನ ಭಾಗಕ್ಕೆ ಆಕಾಶವೇ ದಾರಿ ತೋರಿಸಿತು. ಸುಮಾರು 26 ತಿಂಗಳಿಗೊಮ್ಮೆ ಭೂಮಿ ಮತ್ತು ಮಂಗಳದ ನಡುವೆ ಸೂರ್ಯ ಬರುತ್ತಾನೆ. ಸೂರ್ಯನ ಸುತ್ತಲಿನ ಬಿಸಿ ಅನಿಲ ರೇಡಿಯೋ ಸಂಕೇತವನ್ನು ಕೆಡಿಸಬಹುದು. ಅರ್ಧಂಬರ್ಧ ಮುಟ್ಟಿದ ಆಜ್ಞೆಯಿಂದ ಮಂಗಳದ ಮೇಲೆ ಓಡಾಡುವ ರೋವರ್ ಎಂಬ ಗಾಡಿಗೆ ಅಪಾಯ, ಅದಕ್ಕೇ ನಾಸಾದವರು ಎರಡು ವಾರದ ಮಟ್ಟಿಗೆ ರೋವರುಗಳಿಗೆ ಆಜ್ಞೆ ಕಳಿಸುವುದನ್ನೇ ನಿಲ್ಲಿಸುತ್ತಾರೆ. ಮೊದಲೇ ಕೊಟ್ಟ ಕೆಲಸದ ಪಟ್ಟಿ ಹಿಡಿದು ರೋವರು ಒಂಟಿಯಾಗಿ ಇರುತ್ತದೆ. ಮಹಾದೇವಿ ಶರಣುಗೆ ಹೇಳುವುದೂ ಅದನ್ನೇ: “ನಡುವ ಸೂರ್ಯ ಬಂದಾನ. ಎರಡ ವಾರ ಫೋನ್ ಬ್ಯಾಡ.” ಜೊತೆಗೆ ಒಂದು ಪಟ್ಟಿ ಕಳಿಸುತ್ತಾಳೆ. ಅದರ ಮೊದಲ ಸಾಲು, ‘ನಿಮ್ಮ ಅವ್ವನ ಮುಂದ ಬಾಯಿ ಬಿಡ್ರಿ’. ಶರಣು ಆ ಪಟ್ಟಿಯನ್ನು ಒಂದೊಂದಾಗಿ ಮುಗಿಸುವುದೇ ಚಿತ್ರದ ನಡುಭಾಗ. ಬರೆದದ್ದರಲ್ಲಿ ನನಗೆ ಅತಿ ಇಷ್ಟವಾದ ಭಾಗವೂ ಇದೇ.

ಜಾಗದ ವಿಚಾರ. ಶರಣು ಕನಸಿನಲ್ಲಿ ಮಂಗಳದ ಮೇಲೆ ನಡೆಯುವ ದೃಶ್ಯಕ್ಕೆ ಕಲಬುರಗಿ ಸುತ್ತಲಿನ ಎರೆಹೊಲ ಆಗಿಬರುವುದಿಲ್ಲ, ಕಪ್ಪು ಮಣ್ಣು. ಬೀದರ ನಿಂತಿರುವುದು ಲ್ಯಾಟರೈಟ್ ಎಂಬ ಜಂಬಿಟ್ಟಿಗೆ ಕಲ್ಲಿನ ಎತ್ತರದ ಮೇಲೆ. ಅಲ್ಲಿನ ನೆಲ ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ, ಮಂಗಳ ಕೆಂಪಾಗಿರುವುದೂ ಅದರಿಂದಲೇ. ಹಾಗಾಗಿ ಬಣ್ಣ ತಿದ್ದುವ ಕೆಲಸ ಕಡಿಮೆ. ಊರ ಹೊರಗೆ ಒಂದು ಬೋಳು ದಿಬ್ಬ ನೋಡಿಟ್ಟಿದ್ದೇವೆ. ಮಳೆ ನಿಂತ ಮೇಲೆ ಅಲ್ಲಿ ಹುಲ್ಲು ಏಳುತ್ತದೆ, ಅದು ಒಣಗಿ ನೆಲ ಕಾಣುವವರೆಗೆ ಕಾಯಬೇಕು. ಬೀದರ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಹುಮಾಯೂನ್ ಷಾನ ಗೋರಿಯ ಸೀಳಿದ ಗುಮ್ಮಟವನ್ನು ಬಿದ್ದ ನೌಕೆಯಂತೆ ತೋರಿಸುವ ಆಸೆ ತಂಡದಲ್ಲಿ ಎಲ್ಲರಿಗೂ ಇದೆ. ಅದು ಸಂರಕ್ಷಿತ ಸ್ಮಾರಕ, ಪುರಾತತ್ವ ಇಲಾಖೆಯ ಅನುಮತಿ ಬೇಕು, ಸಿಕ್ಕರೆ ಮಾತ್ರ.

ರೈಲಿನ ದೃಶ್ಯಕ್ಕೂ ಅರ್ಜಿ ತಯಾರಾಗಿದೆ. 2017ರಲ್ಲಿ ಬೀದರ–ಕಲಬುರಗಿ ರೈಲು ಶುರುವಾಗದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಮರಗುತ್ತಿ ಹತ್ತಿರದ ಸುರಂಗ ಹೊಕ್ಕಾಗ ಫೋನು ಕಟ್ ಆಗುತ್ತದೆ. ಗ್ರಹದ ಹಿಂದೆ ಸರಿದ ನೌಕೆಯ ಹಾಗೆ ಶರಣು ಆ ಕತ್ತಲಲ್ಲಿ ಸಿಗ್ನಲ್ಲಿಗೆ ಕಾಯುತ್ತಾನೆ. ಅನುಮತಿ ತಡವಾದರೆ ಪಡಸಾಲೆಯಲ್ಲೇ ಕರಿ ಬಟ್ಟೆ ಕಟ್ಟಿ ಈ ಒಂದು ಶಾಟ್ ತೆಗೆಯುವುದೆಂದು ಕ್ಯಾಮೆರಾ ನೋಡಿಕೊಳ್ಳುವ ಗೆಳೆಯ ಹೇಳಿದ್ದಾನೆ.

ಸದ್ದಿನ ಕೆಲಸ ಎಲ್ಲಕ್ಕಿಂತ ಮುಂದಿದೆ. ನೌಕೆಯನ್ನು ಹೊರಗಿನಿಂದ ತೋರಿಸುವಾಗ ಪೂರ್ಣ ನಿಶ್ಶಬ್ದ, ಒಳಗೆ ಹೋದ ಕೂಡಲೇ ದಾಲ್ ಮಿಲ್ಲಿನ ಎಲಿವೇಟರು, ಬೆಲ್ಟು, ಜರಡಿಗಳ ಗುಡುಗು. ಮಿಲ್ಲಿನ ಮಾಲೀಕರು ಸಂತೋಷದಿಂದ ಒಳಗೆ ಬಿಟ್ಟರು. ಅದೇ ಸದ್ದನ್ನು ನಿಧಾನ ಮಾಡಿ ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಈಗ ಬಿದರಿ ಡಬ್ಬಿ. ಶರಣು ಉಂಗುರ ಕೊಡುವುದಿಲ್ಲ, ಈ ಡಬ್ಬಿ ಕೊಡುತ್ತಾನೆ. ಅದರ ಮುಚ್ಚಳದ ಮೇಲೆ 1977ರಲ್ಲಿ ಹಾರಿದ ನಾಸಾದ ವಾಯೇಜರ್ ನೌಕೆಗಳಲ್ಲಿರುವ ಚಿನ್ನದ ಧ್ವನಿಮುದ್ರಿಕೆ ತಟ್ಟೆಯ ಹೊದಿಕೆಯ ಮೇಲಿನ ನಕ್ಷೆ. ನಡುವೆ ಸೂರ್ಯ, ಅಲ್ಲಿಂದ 14 ಪಲ್ಸಾರುಗಳಿಗೆ, ಅಂದರೆ ತಾಳ ತಪ್ಪದೆ ಮಿಡಿಯುವ ನಕ್ಷತ್ರಗಳಿಗೆ, 14 ಗೆರೆ, ಗ್ಯಾಲಕ್ಸಿಯ ನಡುಮಧ್ಯದ ಕಡೆಗೆ ಇನ್ನೊಂದು ಉದ್ದ ಗೆರೆ. ಯಾರಿಗಾದರೂ ತಟ್ಟೆ ಸಿಕ್ಕರೆ ನಾವು ಎಲ್ಲಿದ್ದೇವೆಂದು ಹುಡುಕಲಿ ಎಂದು ಮಾಡಿದ್ದು. ಆ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಅವುಗಳಲ್ಲಿ ಕನ್ನಡವೂ ಒಂದು. ಹಿಂದುಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ರಾಗವೂ ಇದೆ. ವಾಯೇಜರ್ 1 ಈಗ ಎಷ್ಟು ದೂರ ಹೋಗಿದೆಯೆಂದರೆ ಇಲ್ಲಿಂದ ಹೊರಟ ಬೆಳಕು ಅದನ್ನು ಮುಟ್ಟಲು 23 ಗಂಟೆಗೂ ಹೆಚ್ಚು ಬೇಕು. ಅಷ್ಟು ದೂರದಲ್ಲಿ ನಮ್ಮ ಭಾಷೆಯ ಒಂದು ನಮಸ್ಕಾರ ಹೋಗುತ್ತಲೇ ಇದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಚಿತ್ರ ಮಾಡಲು ಹೊರಟಿದ್ದಕ್ಕೆ ಅರ್ಧ ಕಾರಣ ಇದೇ.

ನಕ್ಷೆ ನೋಡಿದ ಬೀದರದ ಕುಶಲಕರ್ಮಿ ಮೊದಲು ಕೇಳಿದ್ದು ಗೆರೆಗಳ ಮೇಲಿನ ಸಣ್ಣ ಗೀಟುಗಳ ಬಗ್ಗೆ. ಪ್ರತಿ ಪಲ್ಸಾರಿನ ಮಿಡಿತದ ಅವಧಿಯನ್ನು ಅವು ದ್ವಿಮಾನ ಅಂಕಿಗಳಲ್ಲಿ, ಅಂದರೆ ಬರೀ ಸೊನ್ನೆ ಮತ್ತು ಒಂದರಲ್ಲಿ, ಹೇಳುತ್ತವೆ ಎಂದು ವಿವರಿಸಿದೆ. ಹಾಗಾದರೆ ಒಂದನ್ನೂ ಬಿಡಬಾರದು ಎಂದರು. ಅಷ್ಟು ಸಣ್ಣ ಗೀಟಿಗೆ ಬೆಳ್ಳಿ ತಂತಿ ಕೂಡುವಂತೆ ಮುಚ್ಚಳವನ್ನು ದೊಡ್ಡದು ಮಾಡುವುದೆಂದು ತೀರ್ಮಾನವಾಯಿತು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ನಯ ಮಾಡಿ, ಚಾಣದಿಂದ ಕೊರೆದು, ತಂತಿ ಕೂಡಿಸಿ ಬಡಿಯುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರ ಸೇರಿಸಿದ ನೀರಿನಲ್ಲಿ ಹಾಕಿದಾಗ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಆಕಾಶದ ನಕ್ಷೆಗೆ ಇದಕ್ಕಿಂತ ಒಪ್ಪುವ ಕಲೆ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಕಪ್ಪಾಗುವ ಆ ಗಳಿಗೆಯನ್ನು ಅವರ ಕಾರ್ಖಾನೆಯಲ್ಲೇ ಚಿತ್ರೀಕರಿಸಲು ಒಪ್ಪಿಗೆಯೂ ಸಿಕ್ಕಿದೆ.

ದೃಶ್ಯದ ಮಾತು ಹೀಗೆ ನಿಂತಿದೆ:

“ಇದು ನಮ್ಮ ಮನಿ ಪತ್ತಾ ರೀ. ಎಲ್ಲೇ ಹೋದ್ರೂ ಇದ ನೋಡ್ಕೊಂಡ ವಾಪಸ್ ಬರ್ರಿ.”

ಆಕೆ ಬೆರಳಿಟ್ಟು ಒಂದೊಂದೇ ಗೆರೆ ಎಣಿಸುತ್ತಾಳೆ. “ಹದಿನಾಕು. ಮ್ಯಾಲ ಒಂದು. ಬರೋಬ್ಬರಿ ಅದ. ನಿಮ್ಮ ಅವ್ವಗ ಹೇಳ್ರಿ, ನಾಳಿ ಬರ್ತೀವಂತ.”

ಆ ಅವ್ವ ಬೇಕಾಗಿದ್ದಾರೆ. ಐವತ್ತೈದು ದಾಟಿದ, ಕಲಬುರಗಿ ಕಡೆಯ ಮಾತು ಬಾಯಲ್ಲಿರುವ, ಕ್ಯಾಮೆರಾ ಎದುರು ಸಹಜವಾಗಿ ರೊಟ್ಟಿ ಬಡಿಯಬಲ್ಲವರು ಯಾರಾದರೂ ಗೊತ್ತಿದ್ದರೆ ತಿಳಿಸಿ. ನಟಿಸಿದ ಅನುಭವ ಇರಲೇಬೇಕೆಂದಿಲ್ಲ. ತೊಗರಿ ರಾಶಿಯ ಗದ್ದಲ ಮುಗಿದ ಮೇಲೆ ಮಿಲ್ಲಿನ ದೃಶ್ಯಗಳಿಂದ ಶೂಟಿಂಗ್ ಶುರು.