ಗಾಳಿಸೊಪ್ಪು

ಶನಿವಾರ ಸಂಜೆ ಒಂದೇ ಒಂದು ಪೈಪು, ಅದೂ ಮನೆ ಹೊರಗೆ, ಹಿಂದಿನ ಮೆಟ್ಟಿಲ ಮೇಲೆ ಕೂತ್ಕೊಂಡು. ಪೈಪು ಅಂದ್ರೆ ಮೆಕ್ಕೆಜೋಳದ ದಿಂಡಲ್ಲಿ ಮಾಡಿದ್ದು, ಅದರೊಳಗೆ ತುಂಬೋದು ಪ್ರಿನ್ಸ್ ಆಲ್ಬರ್ಟ್. ಪೈಪ್ ಸೇದೋ ಮಂದಿ ಇದನ್ನ ಡ್ರಗ್‌ಸ್ಟೋರ್ ತಂಬಾಕು ಅಂತಾರೆ, ಹಿಂದೆಲ್ಲ ಔಷಧಿ ಅಂಗಡಿ ಕೌಂಟರಲ್ಲೇ ಸಿಗ್ತಿತ್ತು, ಈಗ್ಲೂ ಪೆಟ್ರೋಲ್ ಬಂಕ್ ಪಕ್ಕದ ಅಂಗಡಿಲಿ ಕೆಲವು ಕಡೆ ಸಿಗುತ್ತೆ. ಅಗ್ಗ. ಕಾರ್ಟರ್ ಹಾಲ್, ಗ್ರೇಂಜರ್ ಇವೂ ಇದೇ ಜಾತಿ, ಎಲ್ಲದರಲ್ಲೂ ಮುಖ್ಯವಾಗಿ ಇರೋದು ಬರ್ಲಿ ಅನ್ನೋ ಸೊಪ್ಪು.

ನಾನು ಇದರ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅನ್ಕೊಂಡಿದ್ದೆ. ಯಾಕಂದ್ರೆ ನಾನು ಹುಣಸೂರು ಕಡೆಯವನು, ಹೊಗೆಸೊಪ್ಪಿನ ದುಡ್ಡಲ್ಲೇ ಓದಿದವನು, ಅಮೆರಿಕದ ಸಿನ್ಸಿನಾಟಿಗೆ ಕೆಲಸಕ್ಕೆ ಬಂದು ಸೇರಿದ ಮೇಲೇನೇ ಗೊತ್ತಾಗಿದ್ದು ಈ ಊರಿಂದ ಕಾರಲ್ಲಿ ಒಂದು ಗಂಟೆ ದೂರದಲ್ಲೇ ಬರ್ಲಿ ಸೊಪ್ಪು ಹುಟ್ಟಿದ್ದು ಅಂತ. ಒಹಾಯೋ ನದಿ ದಂಡೇಲಿ ಹಿಗಿನ್ಸ್‌ಪೋರ್ಟ್ ಅಂತ ಒಂದು ಚಿಕ್ಕ ಊರಿದೆ, 1864ರಲ್ಲಿ ಅಲ್ಲಿ ಹತ್ತಿರದ ಹೊಲದಲ್ಲಿ ಜಾರ್ಜ್ ವೆಬ್ ಅನ್ನೋ ರೈತ ನದಿಯಾಚೆ ಕೆಂಟಕಿಯ ಬ್ರಾಕನ್ ಕೌಂಟಿಯಿಂದ ತಂದ ಬೀಜ ಬಿತ್ತಿದ್ದ. ಸಸಿ ಎದ್ದಾಗ ನೋಡಿದ್ರೆ ಹಸಿರೇ ಇಲ್ಲ, ಬೆಣ್ಣೆ ಬಣ್ಣಕ್ಕೆ ಬಿಳಿಚ್ಕೊಂಡಿವೆ. ಎಂಥ ರೈತನಾದ್ರೂ ಮೊದ್ಲು ಅನ್ಕೊಳೋದು ರೋಗ ಬಂದಿದೆ ಅಂತಾನೇ. ಆದ್ರೆ ಆ ಬಿಳಿಚಿದ ಗಿಡಾನೇ ಮುಂದೆ ವೈಟ್ ಬರ್ಲಿ ಆಗಿದ್ದು, ಕೆಂಟಕಿ ಟೆನೆಸ್ಸೀ ರಾಜ್ಯಗಳ ಲಕ್ಷಾಂತರ ಸಂಸಾರಗಳು ಅದ್ರಲ್ಲೇ ಬದುಕಿದ್ದು.

ನಮ್ಮ ಕಡೆ ಬೆಳೆಯೋದು ಬೇರೆ, ಎಫ್‌ಸಿವಿ, ಅಂದ್ರೆ ಕೊಳವೆ ಬಿಸೀಲಿ ಒಣಗಿಸೋ ವರ್ಜೀನಿಯಾ ಸೊಪ್ಪು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸುತ್ತ ಓಡಾಡಿದವರಿಗೆ ಸೊಪ್ಪು ಒಣಗಿಸೋ ಬ್ಯಾರನ್‌ಗಳು ಗೊತ್ತಿರುತ್ತೆ, ಎತ್ತರದ ಗೋಡೆ ಕಟ್ಟಡ, ಹೊರಗಡೆ ಒಲೆ ಬಾಯಿ, ಒಳಗೆ ನೆಲದುದ್ದಕ್ಕೂ ತಗಡಿನ ಕೊಳವೆ. ಹೊಲದಲ್ಲಿ ಸೊಪ್ಪು ಮುರಿದು ತಂದು, ಕಡ್ಡಿಗೆ ಕಟ್ಟಿ, ಒಳಗೆ ಸಾಲು ಸಾಲು ಏರಿಸಿ, ಬಾಗಿಲು ಹಾಕಿ ಬೆಂಕಿ ಶುರು ಮಾಡಿದ್ರೆ ಸುಮಾರು ಒಂದು ವಾರ ಆ ಒಲೆ ಆರೋ ಹಾಗಿಲ್ಲ. ಮೊದ್ಲು ನೂರು ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಇಟ್ಟು ಸೊಪ್ಪು ಹಳದಿ ಆಗೋಕೆ ಬಿಡ್ಬೇಕು, ಆಮೇಲೆ ಸ್ವಲ್ಪ ಸ್ವಲ್ಪಾನೇ ಏರಿಸ್ತಾ ಕೊನೆಗೆ 160ಕ್ಕೆ ತಂದು ದಂಟು ಕೂಡ ಒಣಗಿಸ್ಬೇಕು. ಜಾಸ್ತಿ ಆದ್ರೆ ಸೊಪ್ಪು ಕಪ್ಪು, ಕಮ್ಮಿ ಆದ್ರೆ ಹಸಿರು ಉಳಿಯುತ್ತೆ, ಎರಡೂ ಹರಾಜಲ್ಲಿ ಲೋ ಗ್ರೇಡು. ನಮ್ಮಪ್ಪ ಮೂವತ್ತು ವರ್ಷ ಆ ಒಲೆ ಮುಂದೆ ಗೋಣಿಚೀಲ ಹಾಸ್ಕೊಂಡು ರಾತ್ರಿ ಕಳೆದಿದಾರೆ. ಎರಡು ಗಂಟೆಗೊಂದ್ಸಲ ಎದ್ದು ಕಿಂಡೀಲಿ ಟಾರ್ಚ್ ಬಿಟ್ಟು ಥರ್ಮಾಮೀಟರ್ ನೋಡೋದು, ನೀಲಗಿರಿ ಸೌದೆ ಒಂದು ತಳ್ಳೋದು, ಮತ್ತೆ ಮಲಗೋದು.

ನಾನು ಏಳನೇ ಕ್ಲಾಸಲ್ಲಿದ್ದಾಗ ಒಂದು ರಾತ್ರಿ ಮೇಲಿನ ಕಡ್ಡಿಯಿಂದ ಒಣಗಿದ ಎಲೆ ಕಳಚಿ ಕಾದ ಕೊಳವೆ ಮೇಲೆ ಬಿದ್ದಿರ್ಬೇಕು. ನಾವು ಎದ್ದು ಓಡೋಷ್ಟರಲ್ಲಿ ಹೆಂಚು ಒಂದೊಂದೇ ಸಿಡೀತಿತ್ತು. ಇಡೀ ಬೀದಿಯವರು ಬಿಂದಿಗೆ ಹಿಡ್ಕೊಂಡು ಬಂದ್ರು, ಏನೂ ಉಳೀಲಿಲ್ಲ. ಬೆಳಗ್ಗೆ ಅಪ್ಪ ಬೂದಿ ಒಳಗೆ ಕೈ ಹಾಕಿ ಥರ್ಮಾಮೀಟರ್‌ನ ಹಿತ್ತಾಳೆ ಪಟ್ಟಿ ಎತ್ಕೊಂಡು ಪಂಚೆ ತುದೀಲಿ ಒರೆಸ್ತಿದ್ದಿದ್ದು ನಂಗಿನ್ನೂ ಕಣ್ಣಲ್ಲೇ ಇದೆ.

ಇರ್ಲಿ, ಪೈಪಿನ ವಿಷಯಕ್ಕೆ ಬರ್ತೀನಿ. ನಾನು ಶುರು ಮಾಡಿದ್ದು ದುಬಾರಿ ಟಿನ್‌ಗಳಿಂದ, ಡೆನ್ಮಾರ್ಕ್‌ದು, ಇಂಗ್ಲೆಂಡ್ ಹೆಸರಿಂದು, ಡಬ್ಬಿ ತೆಗೆದ್ರೆ ಹಣ್ಣಿನ ಜಾಮ್ ಥರ ವಾಸನೆ, ಸೇದಿದ್ರೆ ನಾಲಿಗೆ ಸುಟ್ಟಂಗೆ ಉರಿ. ವರ್ಜೀನಿಯಾ ಸೊಪ್ಪಲ್ಲಿ ಸಕ್ಕರೆ ಜಾಸ್ತಿ, ಅವಸರದಲ್ಲಿ ಎಳೆದ್ರೆ ನಾಲಿಗೆಗೆ ಬಿಸಿ ತಾಗೇ ತಾಗುತ್ತೆ, ನಂಗೆ ನಿಧಾನ ಬರ್ತಾ ಇರ್ಲಿಲ್ಲ. ಆಮೇಲೆ ಇಲ್ಲಿನ ಒಂದು ತಂಬಾಕು ಅಂಗಡಿಲಿ ಪ್ರಿನ್ಸ್ ಆಲ್ಬರ್ಟ್‌ನ ಕೆಂಪು ಪೊಟ್ಟಣ ಕಣ್ಣಿಗೆ ಬಿತ್ತು, ಒಂದು ಟಿನ್ನಿಗೆ ಕೊಡೋ ದುಡ್ಡಲ್ಲಿ ಎರಡು ಬಂತು. ಮನೆಗೆ ಬಂದು ಬಿಚ್ಚಿದ್ರೆ ಹೂವಿನ ವಾಸನೆ ಇಲ್ಲ, ಹಣ್ಣಿನ ವಾಸನೆ ಇಲ್ಲ. ಬಾಣಲೇಲಿ ಹುರಿಹಿಟ್ಟಿಗೆ ರಾಗಿ ಹುರೀವಾಗ ಬರುತ್ತಲ್ಲ ಒಂದು ಒಣ ಘಮ, ಅದಕ್ಕೆ ಹುರಿದ ಕಡ್ಲೆಕಾಯಿ ಸಿಪ್ಪೆ ಉಜ್ಜಿದಂಗೆ, ಹಿಂದೆ ಎಲ್ಲೋ ಸ್ವಲ್ಪ ಕೋಕೋ. ತಂಬಾಕು ತಂಬಾಕಿನ ಥರಾನೇ ಇತ್ತು.

ಇದನ್ನ ಕ್ರಿಂಪ್ ಕಟ್ ಅಂತಾರೆ, ಸಣ್ಣ ಸಣ್ಣ ಸುಕ್ಕು ಚೂರು, ಅಕ್ಕಿ ನುಚ್ಚು ಸುರಿದಂಗೆ ಪೈಪಿನ ಬಟ್ಟಲಿಗೆ ಉದುರ್ಸಿದ್ರೆ ಸಾಕು, ಬೆರಳಲ್ಲಿ ಮೆತ್ತಗೆ ಒಂದ್ಸಲ ಅದುಮೋದು. ಆರ್.ಜೆ. ರೆನಾಲ್ಡ್ಸ್ ಕಂಪನಿ ಇದನ್ನ ಮಾರ್ಕೆಟ್‌ಗೆ ಬಿಟ್ಟಿದ್ದು 1907ರಲ್ಲಿ, ಹಳೇ ಕೆಂಪು ಡಬ್ಬಿಗಳ ಮೇಲೆ ಆ ವರ್ಷ ಜುಲೈ 30ರ ಪೇಟೆಂಟ್ ತಾರೀಖು ಅಚ್ಚಾಗಿರ್ತಿತ್ತು. ಹೆಸರು ಬಂದಿದ್ದು ಆಗಿನ ಇಂಗ್ಲೆಂಡ್ ರಾಜ ಏಳನೇ ಎಡ್ವರ್ಡ್‌ಯಿಂದ, ಪಟ್ಟಕ್ಕೆ ಬರೋ ಮುಂಚೆ ಅವನು ಪ್ರಿನ್ಸ್ ಆಲ್ಬರ್ಟ್. ರಾಜನ ಹೆಸರಿಟ್ಟು ಕೂಲಿಯವನ ಜೇಬಿಗೆ ಹಿಡಿಯೋ ಚಪ್ಪಟೆ ಡಬ್ಬೀಲಿ ಮಾರಿದ್ರು. 1939ರಿಂದ ಗ್ರ್ಯಾಂಡ್ ಓಲ್ ಆಪ್ರಿ ಅನ್ನೋ ಹಳ್ಳಿ ಹಾಡಿನ ರೇಡಿಯೋ ಕಾರ್ಯಕ್ರಮ ದೇಶಕ್ಕೆಲ್ಲ ಕೇಳ್ಸಿದ್ದೂ ಇದೇ ತಂಬಾಕಿನ ಪ್ರಾಯೋಜಕತ್ವದಲ್ಲಿ.

ಸೇದೋ ಕ್ರಮ ಒಂದು ಮಾತಲ್ಲಿ ಹೇಳ್ಬಿಡ್ತೀನಿ. ಬರ್ಲಿ ಬೇಗ ಹತ್ಕೊಳುತ್ತೆ ಬೇಗ ಉರಿಯುತ್ತೆ, ಅದಕ್ಕೇ ಎಳೀಬಾರ್ದು, ಬಿಸಿ ಕಾಫೀನ ಲೋಟದ ಅಂಚಲ್ಲಿ ಹೀರ್ತೀವಲ್ಲ ಅಷ್ಟೇ, ಹೊಗೆ ಒಳಗೆ ನುಂಗೋ ಹಾಗೇ ಇಲ್ಲ. ಇದು ಖಾರದ ಸೊಪ್ಪು, ನಿಕೋಟಿನ್ ಜಾಸ್ತಿ, ಖಾಲಿ ಹೊಟ್ಟೇಲಿ ಸೇದಿದ್ರೆ ತಲೆ ತಿರುಗಿ ಬೆವರು ಕಿತ್ಕೊಂಡು ಬರುತ್ತೆ. ಒಳಗೆ ಎಳ್ಕೊಳಲ್ಲ ಅಂದ ಮಾತ್ರಕ್ಕೆ ಒಳ್ಳೇದು ಅಂತ ಅಲ್ಲ, ಪೈಪಿಂದ ನಾಲಿಗೆ, ತುಟಿ, ಗಂಟಲು ಕ್ಯಾನ್ಸರ್ ಬರುತ್ತೆ, ಹೊಗೆಸೊಪ್ಪಿನ ಮನೇಲಿ ಹುಟ್ಟಿದ ನಂಗೆ ಅದು ಯಾರೂ ಹೇಳ್ಕೊಡ್ಬೇಕಾಗಿಲ್ಲ. ಸೇದದೇ ಇರೋರು ಯಾರೂ ಇದನ್ನ ಓದಿ ಶುರು ಮಾಡ್ಬೇಡಿ, ನಾನೂ ವಾರಕ್ಕೆ ಒಂದು ದಾಟಲ್ಲ. ಆಮೇಲೆ ದೊಡ್ಡ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಇನ್ನೂ ಅಗ್ಗಕ್ಕೆ 'ಪೈಪ್ ತಂಬಾಕು' ಅಂತ ಸಿಗುತ್ತೆ, ಅದನ್ನ ನಾನು ಮುಟ್ಟಲ್ಲ. 2009ರಲ್ಲಿ ಇಲ್ಲಿನ ಸರ್ಕಾರ ಸುತ್ತಿ ಸೇದೋ ತಂಬಾಕಿಗೆ ಪೌಂಡಿಗೆ 24.78 ಡಾಲರ್ ತೆರಿಗೆ ಹಾಕಿ ಪೈಪ್ ತಂಬಾಕಿಗೆ 2.83 ಡಾಲರ್ ಮಾತ್ರ ಹಾಕ್ತು, ಆವಾಗಿಂದ ಸಿಗರೇಟು ಸುತ್ತೋ ಮಾಲಿಗೂ ಪೈಪ್ ತಂಬಾಕು ಅಂತ ಲೇಬಲ್ ಬಂತು. ಅಗ್ಗದ ಮಾಲು ಅಂದಾಗ ನಾನು ಹೇಳ್ತಿರೋದು ಅದಲ್ಲ.

ಎರಡು ವರ್ಷದ ಹಿಂದೆ ಸೆಪ್ಟೆಂಬರಲ್ಲಿ ಅಪ್ಪ ಬಂದಿದ್ರು. ಬ್ಯಾರನ್ ಲೈಸೆನ್ಸು, ಹೊಲ ಎಲ್ಲ ಅಣ್ಣಂಗೆ ಬಿಟ್ಟುಕೊಟ್ಟು ಮೊದಲ್ನೇ ಸಲ ಸೀಸನ್ ಟೈಮಲ್ಲಿ ಊರು ಬಿಟ್ಟಿದ್ದು. ನದಿ ಪಕ್ಕದ ರೋಡಲ್ಲಿ ಹಿಗಿನ್ಸ್‌ಪೋರ್ಟ್ ತನಕ ಕರ್ಕೊಂಡು ಹೋಗಿ, ಅಲ್ಲೇ ಹತ್ತಿರದಿಂದ ಫೆರ್ರಿಗೆ ಕಾರು ಹತ್ತಿಸ್ಕೊಂಡು ಆ ಕಡೆ ಆಗಸ್ಟಾ ಅನ್ನೋ ಊರಿಗೆ ದಾಟಿದ್ವಿ. ಅದು ಬ್ರಾಕನ್ ಕೌಂಟಿ. ಗುಡ್ಡ ಹತ್ತಿ ಸ್ವಲ್ಪ ದೂರ ಹೋಗಿದ್ದೇ ತಡ, ಅಪ್ಪ ಸೀಟಲ್ಲಿ ನೆಟ್ಟಗೆ ಕೂತು "ನಿಲ್ಸು ನಿಲ್ಸು, ಸೊಪ್ಪು ಐತೆ" ಅಂದ್ರು. ನಂಗೆ ಏನೂ ಕಾಣ್ಲಿಲ್ಲ, ಅವ್ರಿಗೆ ಕಿಟಕೀಲಿ ವಾಸನೆ ಬಂದಿತ್ತು.

ಕಪ್ಪು ಬಣ್ಣ ಬಳಿದ ಮರದ ದೊಡ್ಡ ಕೊಟ್ಟಿಗೆ, ಗೋಡೆ ಹಲಗೆ ಮಧ್ಯೆ ಉದ್ದುದ್ದ ಕಿಟಕಿ ಬಾಗಿಲುಗಳು ಎಲ್ಲ ತೆಗೆದಿದ್ವು. ಎಪ್ಪತ್ತು ದಾಟಿದ ಯಜಮಾನರು ಒಬ್ರು ಟ್ರ್ಯಾಕ್ಟರ್ ಪಕ್ಕ ನಿಂತಿದ್ರು, ನಾನು ಹೋಗಿ ನಮ್ಮಪ್ಪನೂ ತಂಬಾಕು ರೈತರು, ಇಂಡಿಯಾದವರು ಅಂದೆ, ಅವರು ಟೋಪಿ ಸರಿ ಮಾಡ್ಕೊಂಡು ಅಪ್ಪನ ಕೈ ಕುಲುಕಿ ಸೀದಾ ಒಳಗೆ ಕರ್ಕೊಂಡು ಹೋದ್ರು. ಅಲ್ಲಿ ಎಲೆ ಮುರಿಯಲ್ಲ, ಇಡೀ ಗಿಡಾನೇ ಬುಡಕ್ಕೆ ಕಡಿದು, ಕೋಲಿನ ತುದಿಗೆ ಕಬ್ಬಿಣದ ಮೊನೆ ಸಿಗಿಸಿ ಐದಾರು ಗಿಡ ಚುಚ್ಚಿ ಪೋಣಿಸ್ತಾರೆ, ಆ ಕೋಲುಗಳನ್ನ ನೆಲದಿಂದ ಮಾಡಿನ ತನಕ ಅಂತಸ್ತು ಅಂತಸ್ತಾಗಿ ತೂಗಿ ಹಾಕ್ತಾರೆ. ತಲೆ ಮೇಲೆ ಪೂರ್ತಿ ಸೊಪ್ಪು, ಕೆಳಗಿಂದ ನೋಡಿದ್ರೆ ಹಳದಿ, ಮೇಲಕ್ಕೆ ಹೋಗ್ತಾ ಕಂದು.

ಅಪ್ಪ ಕೊಟ್ಟಿಗೇನ ಸುತ್ತ ಒಂದು ರೌಂಡ್ ಹಾಕಿದ್ರು. ಹೊರಗೆ ಹೋದ್ರು, ಹಿಂದಿನ ಗೋಡೆ ನೋಡಿದ್ರು, ಬಂದ್ರು.

"ಒಲೆ ಎಲ್ಲಲಾ?"

"ಒಲೆ ಇಲ್ಲ ಕಣಪ್ಪ. ಬೆಂಕೀನೇ ಹಾಕಲ್ಲ, ಬರೀ ಗಾಳಿ, ಆರೆಂಟು ವಾರ ಹಿಂಗೇ ತೂಗಾಡುತ್ತೆ."

"ರಾತ್ರಿ ಯಾರು ಕಾಯ್ತಾರೆ?"

"ಯಾರೂ ಇಲ್ಲ. ಮನೆಗೆ ಹೋಗಿ ಮಲಗ್ತಾರೆ."

ಅಪ್ಪ ಆಮೇಲೆ ಮಾತಾಡ್ಲಿಲ್ಲ. ನೆಲ ನೋಡಿದ್ರು, ಒಣ ಮಣ್ಣು, ಒಂದು ಕಿಡಿ ಇಲ್ಲ, ಬೂದಿ ಇಲ್ಲ, ಕೊಳವೆ ಇಲ್ಲ. ಉದುರಿ ಬಿದ್ದ ನಾಲ್ಕಾರು ಎಲೆ ಸುಮ್ನೆ ಬಿದ್ದಿದ್ವು. ಅದ್ರಲ್ಲಿ ಒಂದನ್ನ ಎತ್ಕೊಂಡು ಎರಡು ಬೆರಳಲ್ಲಿ ಉಜ್ಜಿ, ಮಧ್ಯದ ದಂಟು ಲಟಕ್ ಅನ್ನುತ್ತಾ ಇಲ್ವಾ ಅಂತ ಬಗ್ಗಿಸಿ ನೋಡಿ, ಮೂಗಿಗೆ ಹಿಡಿದು, ತುಂಬಾ ಹೊತ್ತು ಹಾಗೇ ನಿಂತಿದ್ರು.

ಅಲ್ಲಿ ನಿಂತಾಗ ನಂಗೂ ಅರ್ಥ ಆಗಿದ್ದು ಬರ್ಲಿ ಯಾಕೆ ಹಂಗಿರುತ್ತೆ ಅಂತ. ನಮ್ಮ ಸೊಪ್ಪನ್ನ ಹಳದಿ ಆದ ಕೂಡ್ಲೇ ಬೆಂಕಿ ಕೊಟ್ಟು ನಿಲ್ಲಿಸ್ಬಿಡ್ತೀವಿ, ಅದಕ್ಕೇ ಸಕ್ಕರೆ ಒಳಗೇ ಉಳ್ಕೊಳುತ್ತೆ. ಬರ್ಲಿ ಎಲೆಗೆ ಯಾರೂ ಅವಸರ ಮಾಡಲ್ಲ, ಅದು ವಾರಗಟ್ಟಲೆ ಉಸಿರಾಡ್ತಾ ಒಣಗುತ್ತೆ, ಒಣಗೋಷ್ಟರಲ್ಲಿ ತನ್ನ ಸಕ್ಕರೇನ ತಾನೇ ತಿಂದು ಮುಗಿಸಿರುತ್ತೆ. ಅದಕ್ಕೇ ಸಿಹಿ ಇಲ್ಲ, ಆ ಹುರಿದ ರುಚಿ ಮಾತ್ರ. ಒಳಗೆ ಸ್ಪಂಜ್ ಥರ ಆಗಿರೋದ್ರಿಂದ ಫ್ಯಾಕ್ಟರೀಲಿ ಕೋಕೋ, ಲಿಕೊರಿಸ್ (ಅತಿಮಧುರ), ಸಕ್ಕರೆ ಏನು ಚಿಮುಕಿಸಿದ್ರೂ ಕುಡಿಯುತ್ತೆ.

ಯಜಮಾನರಿಗೂ ಕಷ್ಟ ಇಲ್ಲ ಅಂತಲ್ಲ. ಮಳೆ ಹಿಡ್ಕೊಂಡ್ರೆ ತೂಗುಹಾಕಿದ್ದೆಲ್ಲ ಮುಗ್ಗು ಹಿಡಿದು ಕೊಳೆಯುತ್ತಂತೆ, ಬಿಸಿಲು ಜಾಸ್ತಿ ಆದ್ರೆ ಬೇಗ ಒಣಗಿ ಹಳದಿ ಮಚ್ಚೆ ಉಳಿಯುತ್ತಂತೆ, ಎಲ್ಲ ಹದವಾಗಿ ಆದ್ಮೇಲೂ ಗಾಳೀಲಿ ತೇವ ಬಂದು ಎಲೆ ಮೆತ್ತಗಾಗೋ ತನಕ ಇಳಿಸೋಕೆ ಕಾಯ್ಬೇಕು. ನಾನು ಅದನ್ನ ಕನ್ನಡದಲ್ಲಿ ಹೇಳಿದ ತಕ್ಷಣ ಅಪ್ಪ ತಲೆ ಆಡಿಸಿ "ಅವ್ರು ಮೋಡ ಕಾಯ್ತಾರೆ, ನಾವು ಒಲೆ ಕಾಯ್ತೀವಿ" ಅಂದ್ರು. ಆಮೇಲೆ ನಮ್ಮ ಕಡೆ ಹರಾಜು ನಡೆಸೋ ತಂಬಾಕು ಬೋರ್ಡಿನ ಮಾತು ಬಂತು. ಇಲ್ಲೂ 1938ರಿಂದ ಯಾರು ಎಷ್ಟು ಬೆಳೀಬಹುದು ಅನ್ನೋ ಕೋಟಾ ಇತ್ತು, ಸರ್ಕಾರ ಬೆಲೆ ಬೀಳದ ಹಾಗೆ ನೋಡ್ಕೊಳ್ತಿತ್ತು, ಪಕ್ಕದ ಮೇಸ್ವಿಲ್‌ನಲ್ಲಿ ದೊಡ್ಡ ಹರಾಜು ನಡೀತಿತ್ತು. 2004ರ ಕಾನೂನಲ್ಲಿ ಎಲ್ಲ ತೆಗೆದ್ರು, ಕೋಟಾ ಇದ್ದವರಿಗೆ ದುಡ್ಡು ಕೊಟ್ಟು ಕೈ ತೊಳ್ಕೊಂಡ್ರು, ಈಗ ಕಂಪನಿ ಕಾಂಟ್ರಾಕ್ಟ್ ಕೊಟ್ರೆ ಮಾತ್ರ ಬೆಳೆ. ತನ್ನ ರಸ್ತೇಲಿ ಇನ್ನೂ ಸೊಪ್ಪು ಹಾಕೋನು ತಾನೊಬ್ನೇ ಅಂದ್ರು ಆ ಯಜಮಾನರು. ಅಪ್ಪ "ನಮ್ಗೆ ಬೋರ್ಡ್ ಐತೆ ಅಂತ ಹೇಳು, ಬೈಕೊಂಡಾದ್ರೂ ಹರಾಜಿಗೆ ಹೋಯ್ತೀವಿ ಅಂತ ಹೇಳು" ಅಂದ್ರು. ಹೇಳ್ದೆ. ಹೊರಡೋವಾಗ ಮತ್ತೆ ಕೈ ಕುಲುಕಿದ್ರು, ಇಬ್ರ ಕೈಬೆರಳೂ ಒಂದೇ ಬಣ್ಣಕ್ಕೆ ಅಂಟು ಹತ್ತಿತ್ತು.

ಸಂಜೆ ಮನೆ ಮೆಟ್ಟಿಲ ಮೇಲೆ ಕೂತಿದ್ವಿ. ಅಪ್ಪ ಸೇದಲ್ಲ, ಬೀಡೀನೂ ಸೇದಿದವರಲ್ಲ, ಅವರ ಎದುರಿಗೆ ನಾನೂ ಯಾವತ್ತೂ ಹಚ್ಚಿರ್ಲಿಲ್ಲ. ಅವತ್ತು ಅವರೇ "ನೀನು ಸೇದೋದು ಇದೇನಾ, ಕೊಡು ನೋಡನ" ಅಂತ ಪೊಟ್ಟಣ ಇಸ್ಕೊಂಡು, ಒಂದು ಚಿಟಿಕೆ ಅಂಗೈಗೆ ಹಾಕಿ ಉಜ್ಜಿ ಮೂಸಿದ್ರು. "ಸೊಪ್ಪು ಒಳ್ಳೇದು. ಆದ್ರೆ ಬೆಲ್ಲದ ಥರದ್ದು ಏನೋ ಬೆರೆಸವ್ರೆ." ಆ ಪೊಟ್ಟಣದ ಮೇಲೆ ಅದರ ಬಗ್ಗೆ ಒಂದಕ್ಷರ ಇಲ್ಲ. ಆಮೇಲೆ ಆ ಚಿಟಿಕೇನ ಚೆಲ್ಲದೆ ವಾಪಸ್ ಪೊಟ್ಟಣಕ್ಕೇ ಹಾಕಿ "ಗಾಳಿಸೊಪ್ಪು" ಅಂದ್ರು, ತಮಗೆ ತಾವೇ ಹೇಳ್ಕೊಂಡಂಗೆ. ಅವತ್ತಿಂದ ನಮ್ಮನೇಲಿ ಬರ್ಲಿಗೆ ಅದೇ ಹೆಸರು.

ಈಗ ಮತ್ತೆ ಊರಲ್ಲಿ ಬ್ಯಾರನ್ ಹಚ್ಚೋ ಕಾಲ. ಕಳೆದ ಶನಿವಾರ ನಾನಿಲ್ಲಿ ಸಂಜೆ ಐದೂವರೆಗೆ ಪೈಪು ತುಂಬ್ತಾ ಫೋನ್ ಮಾಡಿದ್ರೆ ಅಲ್ಲಿ ರಾತ್ರಿ ಮೂರು ಗಂಟೆ, ಅಪ್ಪ ಒಂದೇ ರಿಂಗಿಗೆ ಎತ್ತಿದ್ರು. ಅಣ್ಣನ್ನ ಮಲಗೋಕೆ ಕಳ್ಸಿ ಒಲೆ ಮುಂದೆ ತಾವು ಕೂತಿದ್ರು. ಫೋನಲ್ಲಿ ಸೌದೆ ಚಟಚಟ ಅನ್ನೋದು ಕೇಳ್ತಿತ್ತು.

"ಯಾವ್ದು ಹಾಕಿದ್ದೀಯಾ, ಗಾಳಿಸೊಪ್ಪಾ?"

"ಹೂಂ ಕಣಪ್ಪ."

"ಆಯ್ತು, ಇರು ಒಂದ್ನಿಮ್ಷ, ನೂರಾ ಮೂವತ್ತಕ್ಕೆ ಬಂದೈತೆ" ಅಂತ ಫೋನು ಕೆಳಗಿಟ್ಟು ಎದ್ದು ಹೋದ್ರು.